ಒಂಬತ್ತನೇ ನಂಬರಿನ ಕ್ಷಮೆ

ಕಾಮೆಹಾಮಾ
೧೭ ಏಪ್ರಿಲ್ ೨೦೧೭

ಅಕ್ಕ,

ನಿನ್ನೆಯೂ ಗೋಲು ಹಾಕಲಿಲ್ಲ.

ಹೀಗೆ ಶುರು ಮಾಡಿದರೆ ಕ್ಷೇಮ ಸಮಾಚಾರ ಎಲ್ಲಿ ಎನ್ನುತ್ತೀಯ. ಕ್ಷೇಮ. ಮಂಡಿ ಸರಿಯಾಗಿದೆ. ಬೆಳಿಗ್ಗೆ ಕಾರ್ಖಾನೆ, ಮಧ್ಯಾಹ್ನ ಅಭ್ಯಾಸ. ಇಲ್ಲಿ ಜಪಾನಿನಲ್ಲಿ ಫುಟ್‌ಬಾಲಿನ ಮೂರನೇ ಡಿವಿಜನ್ನಿನ ಆಟಗಾರರಿಗೆಲ್ಲ ಕ್ಲಬ್ಬಿನ ಪ್ರಾಯೋಜಕರ ಬಳಿ ಅರ್ಧ ದಿನದ ಕೆಲಸವಿರುತ್ತದೆ. ನನ್ನದು ಮೀನು ಅರೆದು ಹಿಟ್ಟು ಮಾಡುವ ಕಡೆ. ಅಮ್ಮನಿಗೆ 'ಪ್ಯಾಕಿಂಗ್' ಎಂದಷ್ಟೇ ಹೇಳು, ಏನನ್ನು ಪ್ಯಾಕ್ ಮಾಡುತ್ತೇನೆಂದು ಹೇಳಬೇಡ.

ನಿನ್ನೆಯದನ್ನು ಯಾರಿಗಾದರೂ ಹೇಳಲೇಬೇಕು. ಫೋನಿನಲ್ಲಿ ನಾವೆಲ್ಲ ಊಟ ಆಯ್ತಾ ಎಂದು ಕೇಳಿ ಇಟ್ಟುಬಿಡುತ್ತೇವೆ. ತಿಂಗಳಿಗೊಂದು ಕನ್ನಡ ಕಾಗದ ಎಂದು ಭೂಕಂಪದ ವರ್ಷ ನೀನು ಹಾಕಿದ ಶಿಕ್ಷೆಯೇ ಈಗ ಉಪಯೋಗಕ್ಕೆ ಬರುತ್ತಿದೆ.

ಎರಡನೇ ಅರ್ಧ ಆಗಷ್ಟೇ ಶುರುವಾಗಿತ್ತು. ಓಮೊರಿ-ಸಾನ್ ನಮ್ಮ ಮಿಡ್‌ಫೀಲ್ಡರ್, ಇದೇ ಊರಿನವರು, ಮೂವತ್ನಾಲ್ಕು ವರ್ಷ. ಅವರು ಇಬ್ಬರ ನಡುವೆ ಸೂಜಿಗೆ ದಾರ ಪೋಣಿಸಿದ ಹಾಗೆ ಪಾಸ್ ಕೊಟ್ಟರು. ಗೋಲಿ, ಅಂದರೆ ಎದುರು ತಂಡದ ಗೋಲ್‌ಕೀಪರ್, ಮುಂದೆ ಬಂದು ಬಿದ್ದಿದ್ದ. ನನ್ನೆದುರು ಬರೀ ಬಲೆ. ನಾನು ಒದ್ದ ಚೆಂಡು ಕಂಬದ ಹೊರಗಿನಿಂದ ಹೋಯಿತು. ಅದು ಎಷ್ಟು ಸುಲಭವಿತ್ತೆಂದರೆ ಅಮ್ಮ ಸೀರೆ ಉಟ್ಟುಕೊಂಡೇ ಹಾಕಬಹುದಿತ್ತು.

ಆಗ ಜನ ಏನು ಮಾಡಿದರು ಗೊತ್ತಾ? ಚಪ್ಪಾಳೆ ತಟ್ಟಿದರು. 'ಡೋನ್ಮಾಯ್! ಡೋನ್ಮಾಯ್!' ಎಂದು ಕೂಗಿದರು. ಪರವಾಗಿಲ್ಲ, ತಲೆ ಕೆಡಿಸಿಕೊಳ್ಳಬೇಡ ಅಂತ. ನಮ್ಮ ಪಂದ್ಯಕ್ಕೆ ಬರುವವರಲ್ಲಿ ಅರ್ಧದಷ್ಟು ಜನ ಮುದುಕರು. ಸುನಾಮಿಯಲ್ಲಿ ಮನೆ ಕಳೆದುಕೊಂಡವರಿಗೆ ಕಟ್ಟಿಕೊಟ್ಟ ತಾತ್ಕಾಲಿಕ ಮನೆಗಳಿಂದ ಕ್ಲಬ್ಬಿನ ಬಸ್ಸಿನಲ್ಲಿ ಬರುತ್ತಾರೆ. ಆರು ವರ್ಷವಾದರೂ ಕೆಲವರಿಗೆ ಇನ್ನೂ ಮನೆಯಾಗಿಲ್ಲ. ಕಡಲು ಅಷ್ಟೆಲ್ಲ ಒಯ್ದಿರುವಾಗ ನಾನು ಕಳೆದ ಒಂದು ಗೋಲು ಯಾವ ಲೆಕ್ಕ? ಅದಕ್ಕೇ ಬಯ್ಯುವುದಿಲ್ಲ. ಬೆಳಿಗ್ಗೆ ಕೊಂಬಿನಿ ಅಂಗಡಿಯ ಹುಡುಗಿಯೂ ಚಿಲ್ಲರೆ ಕೊಡುತ್ತ 'ನಿನ್ನೆ ತುಂಬಾ ಕಷ್ಟಪಟ್ರಿ' ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಕೋಚ್ ಕುಮಾಗಾಯ್-ಸಾನ್ ಕೂಡ ಏನೂ ಹೇಳುವುದಿಲ್ಲ. ಐವತ್ತೈದನೇ ನಿಮಿಷಕ್ಕೋ ಅರವತ್ತಕ್ಕೋ ಹೊರಗೆ ಕರೆದು, ಬೆನ್ನು ತಟ್ಟಿ, ನೀರಿನ ಬಾಟಲಿ ಕೊಡುತ್ತಾರೆ.

ಹೋದ ಸೆಪ್ಟೆಂಬರಿನಿಂದ ಒಂದು ಗೋಲೂ ಇಲ್ಲ. ನನ್ನ ಕರಾರು ಒಂದೊಂದೇ ವರ್ಷದ್ದು. ನವೆಂಬರ್ ಕೊನೆಯಲ್ಲಿ ಒಬ್ಬೊಬ್ಬರನ್ನೇ ಕರೆದು ಇರುವುದೋ ಹೋಗುವುದೋ ಹೇಳುತ್ತಾರೆ. ಗೋಲು ಹಾಕದ ಸ್ಟ್ರೈಕರನ್ನು ಯಾರಾದರೂ ಯಾಕೆ ಇಟ್ಟುಕೊಳ್ಳುತ್ತಾರೆ?

ಭುವನ್


ಮೈಸೂರು
೫ ಮೇ ೨೦೧೭

ಪ್ರೀತಿಯ ಭುವಿ,

ನಿನ್ನ ಕಾಗದ ಬಂತು. ಈ ಸಲ ಒತ್ತಕ್ಷರದ ತಪ್ಪು ಒಂದೂ ಇರಲಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಇಷ್ಟು ಬೇಸರ ಮಾಡಿಕೊಳ್ಳಬೇಡ. ನಿನಗಿನ್ನೂ ಇಪ್ಪತ್ತು. ಕ್ಲಬ್ಬಿನವರು ಇಂಟರ್‌ನೆಟ್ಟಿಗೆ ಹಾಕಿದ ಕಳೆದ ಭಾನುವಾರದ ಪಂದ್ಯ ನೋಡಿದೆ. ಕೊನೆಯ ಹತ್ತು ನಿಮಿಷದಲ್ಲಿ ನೀನು ಎಡಗಡೆಯಿಂದ ನುಗ್ಗಿ ಬಂದ ರೀತಿ ತುಂಬ ಚೆನ್ನಾಗಿತ್ತು. ಚೆಂಡು ಒಳಗೆ ಹೋಗುವುದು ಬಿಡುವುದು ಅದೃಷ್ಟ. ಪ್ರಯತ್ನ ಕಣ್ಣಿಗೆ ಕಾಣುತ್ತಿದೆ. ಜನ ಚಪ್ಪಾಳೆ ತಟ್ಟುವುದು ಅದಕ್ಕೇ. ಪ್ರೀತಿಯನ್ನು ಪ್ರೀತಿ ಎಂದೇ ತೆಗೆದುಕೋ.

ನನ್ನ ಕಥೆ ಹೇಳುವುದಾದರೆ, ಎಂ.ಎ. ಮುಗಿಸಿದವರಿಗೆ ಸಿಗುವ ಕೆಲಸ ಸಿಕ್ಕಿದೆ. ಅತಿಥಿ ಉಪನ್ಯಾಸಕಿ. ನನ್ನ ದನಿ ಮೂರನೇ ಬೆಂಚಿನವರೆಗೆ ಮಾತ್ರ ಹೋಗುತ್ತದೆ. ಹಿಂದಿನವರು 'ಮಿಸ್, ವಾಲ್ಯೂಮ್' ಎನ್ನುತ್ತಾರೆ. ನಾನು ತಲೆ ತಗ್ಗಿಸಿ ಓದುತ್ತ ಹೋಗುತ್ತೇನೆ.

ಅಮ್ಮನಿಗೆ ನಿನ್ನ ಕಾಗದ ಓದಿ ಹೇಳಿದೆ, ಮೀನು ಬಿಟ್ಟು. ಅಮ್ಮ ಕೂಡಲೇ ಅಪ್ಪನಿಗೆ ಫೋನ್ ಮಾಡಿದರು. 'ಅಲ್ರೀ, ನೀವು ಅದೇ ದೇಶದಲ್ಲೇ ಇದ್ದೀರ. ಆ ಕೋಚ್‌ಗೆ ಹೋಗಿ ಒಂದು ಮಾತು ಹೇಳಕ್ಕಾಗಲ್ವಾ? ಮಗು ಒಬ್ನೇ ಒದ್ದಾಡ್ತಿದೆ.' ನಾನು ನಕ್ಕೆ. ಅಪ್ಪ ಏನು ಹೇಳಿದರೋ ಕೇಳಿಸಲಿಲ್ಲ. ಮರುದಿನ ಅಮ್ಮ ರವೆ ಹುರಿಯುತ್ತಿದ್ದರು. ಅಪ್ಪನ ಆಫೀಸಿನವರು ಯಾರೋ ಟೋಕಿಯೋಗೆ ಹೊರಟಿದ್ದಾರಂತೆ.

ಪ್ರೀತಿಯಿಂದ,
ನಿಧಿ


ಕಾಮೆಹಾಮಾ
೨೯ ಮೇ ೨೦೧೭

ಅಕ್ಕ,

ನೀನು ನಕ್ಕೆಯಂತೆ. ಈಗ ಇದನ್ನೂ ಓದಿ ನಗು.

ಅಪ್ಪ ಬಂದಿದ್ದರು. ನನಗೆ ಒಂದು ಮಾತೂ ಹೇಳದೆ. ಟೋಕಿಯೋದ ಟೊಯೊಸುವಿನಿಂದ ಬೆಳಗಿನ ರೈಲು ಹತ್ತಿ, ಸೆಂಡಾಯ್‌ನಲ್ಲಿ ಬದಲಿಸಿ, ಆಫೀಸಿನ ಸೂಟು ಹಾಕಿಕೊಂಡು ನೇರವಾಗಿ ಕ್ಲಬ್ಬಿನ ಕಚೇರಿಗೆ. ನಾನು ಅಭ್ಯಾಸ ಮುಗಿಸಿ ಬಂದಾಗ ಕುಮಾಗಾಯ್-ಸಾನ್ ಎದುರು ಕೂತಿದ್ದರು. ಮೇಜಿನ ಮೇಲೆ ಅಪ್ಪನ ವಿಸಿಟಿಂಗ್ ಕಾರ್ಡು. ಅದರ ಪಕ್ಕ ಅಮ್ಮನ ದೊಡ್ಡ ಸ್ಟೀಲ್ ಡಬ್ಬಿ ತುಂಬ ರವೆ ಉಂಡೆ.

'ನನ್ನ ಮಗ ಚಿಕ್ಕಂದಿನಿಂದಲೂ ಮುಂದೆ ನಿಂತು ಆಡಿದವನು,' ಎಂದು ಅಪ್ಪ ತಮ್ಮ ಆಫೀಸ್ ಜಪಾನಿಯಲ್ಲಿ ಹೇಳುತ್ತಿದ್ದರು. 'ಸ್ವಲ್ಪ ಮನಸ್ಸು ಮಾಡಿ. ನೀವು ದೊಡ್ಡವರು.'

ಕುಮಾಗಾಯ್-ಸಾನ್ 'ಹೌದಾ' ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು 'ಹೌದಾ' ಎಂದರು.

ನಾನು ಬಾಗಿಲಲ್ಲೇ ಸೊಂಟ ಮುರಿಯುವ ಹಾಗೆ ಬಾಗಿದೆ. ಹೊರಗೆ ಬಂದ ಮೇಲೆ ನಡೆದದ್ದು ಇದು:

'ಏನ್ ಮಾಡಿದ್ರಿ ಅಪ್ಪ ನೀವು!'

'ಏನೋ ಮಾಡ್ದೆ? ಜಸ್ಟ್ ಮೀಟ್ ಮಾಡ್ದೆ. ನಿನ್ ಸ್ಕೂಲ್ ಅಡ್ಮಿಷನ್‌ಗೂ ಹೀಗೇ ಹೋಗಿದ್ದೆ ತಾನೇ?'

'ಇದು ಸ್ಕೂಲಲ್ಲ.'

'ಎಲ್ಲಾ ಕಡೆ ರಿಲೇಷನ್‌ಶಿಪ್ ಬೇಕು ಕಣೋ. ನಿನ್ ಕೋಚ್ ಜೆಂಟಲ್‌ಮನ್. ನನ್ ಕಾರ್ಡನ್ನ ಎರಡೂ ಕೈಲಿ ತಗೊಂಡು ಎಷ್ಟೊತ್ತು ಓದಿದ್ರು ನೋಡ್ದಾ?'

ಇಲ್ಲಿ ಎಲ್ಲರೂ ಎಲ್ಲರ ಕಾರ್ಡನ್ನೂ ಹಾಗೇ ಓದುತ್ತಾರೆ. ಇಪ್ಪತ್ತು ವರ್ಷ ಈ ದೇಶದಲ್ಲಿದ್ದೂ ಅಪ್ಪನಿಗೆ ಅದು ಮರೆತುಹೋಗಿತ್ತು. ಮಗನ ವಿಷಯ ಬಂದರೆ ಅವರು ಜಯನಗರಕ್ಕೆ ವಾಪಸು ಹೋಗಿಬಿಡುತ್ತಾರೆ.

ಸಂಜೆ ಡ್ರೆಸ್ಸಿಂಗ್ ರೂಮಿನಲ್ಲಿ ಕೋಚ್ ಡಬ್ಬಿ ತೆರೆದು, 'ಭುವನ್‌ನ ತಂದೆ ತಂದಿದ್ದು' ಎಂದರು. ಎಲ್ಲರೂ ಸಾಲಾಗಿ ಬಂದು ಒಂದೊಂದು ತೆಗೆದುಕೊಂಡು ನನಗೆ ಅರಿಗಾತೋ ಎಂದು ಧನ್ಯವಾದ ಹೇಳಿದರು. ನಮ್ಮ ಗೋಲಿ ಒಂದನ್ನು ಬಾಯಿಗೆ ಎಸೆದುಕೊಂಡು, 'ಇದಾದ್ರೂ ಒಳಗೆ ಹೋಯ್ತಪ್ಪ' ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಕೋಚ್ ನನ್ನೊಬ್ಬನನ್ನೇ ಕರೆದರು.

'ಭಾನುವಾರ ನಿನ್ನನ್ನ ಪೂರ್ತಿ ಆಡಿಸೋಣ ಅಂತಿದ್ದೆ. ಈಗ ಆಗಲ್ಲ. ಆಡಿಸಿದ್ರೆ ಉಂಡೆ ತಿಂದು ಆಡಿಸ್ದ ಅಂತಾರೆ. ಎಲ್ಲರೂ ಉಂಡೆ ಮರೆಯೋ ತನಕ ಬೆಂಚಲ್ಲಿ ಕೂತ್ಕೋ.'

'ಎಷ್ಟು ದಿನಕ್ಕೆ ಮರೀತಾರೆ?'

'ರುಚಿಯಾಗಿತ್ತು,' ಎಂದರು ಕುಮಾಗಾಯ್-ಸಾನ್. 'ಸ್ವಲ್ಪ ದಿನ ಬೇಕು.'

ಅಮ್ಮನಿಗೆ ಇದನ್ನು ಹೇಗೆ ಹೇಳುತ್ತೀಯೋ ನಿನಗೆ ಬಿಟ್ಟದ್ದು.

ಇನ್ನೊಂದು ಮಾತು. ನೀನು ಮೆಚ್ಚಿದ ಆ ಕೊನೆಯ ಹತ್ತು ನಿಮಿಷ. ಎಡಗಡೆಯಿಂದ ನುಗ್ಗಿದ್ದು ನಾನಲ್ಲ. ನನ್ನನ್ನು ಆ ಹೊತ್ತಿಗೆ ಹೊರಗೆ ಕೂರಿಸಿ ಅರ್ಧ ಗಂಟೆಯಾಗಿತ್ತು. ನುಗ್ಗಿದವನು ನನ್ನ ಜಾಗಕ್ಕೆ ಬಂದವನು. ನೀನು ಪಂದ್ಯ ನೋಡಲೇ ಇಲ್ಲ ಅಲ್ಲವಾ? ಕ್ಲಬ್ಬಿನ ವರದಿಯ ಮೇಲೆ ಕಣ್ಣಾಡಿಸಿ ಬರೆದೆ. ಇಲ್ಲಿ ಎರಡು ಸಾವಿರ ಜನ ಚಪ್ಪಾಳೆ ತಟ್ಟುತ್ತಾರೆ. ಎರಡು ಸಾವಿರದ ಒಂದನೆಯವಳು ನನಗೆ ಬೇಡ.

ಭುವನ್


ಮೈಸೂರು
೧೦ ಜುಲೈ ೨೦೧೭

ಭುವಿ,

ಆರು ವಾರ ಬರೆಯಲಿಲ್ಲ. ಮೊದಲ ವಾರ ನಾಚಿಕೆಗೆ. ಉಳಿದ ವಾರಗಳಲ್ಲಿ ನಿನ್ನ ಪಂದ್ಯಗಳನ್ನು ನೋಡುತ್ತಿದ್ದೆ. ಈ ವರ್ಷದ್ದೆಲ್ಲ ನೋಡಿದೆ, ಹೋದ ವರ್ಷದ್ದನ್ನೂ ಅರ್ಧ ನೋಡಿದೆ. ಮುಂಚೆ ನೋಡದೆ ಇದ್ದದ್ದು ಯಾಕೆಂದರೆ, ಚೆಂಡು ನಿನ್ನ ಹತ್ತಿರ ಬಂದಾಗಲೆಲ್ಲ ನನಗೆ ಎದ್ದು ಅಡುಗೆಮನೆಗೆ ಹೋಗುವಂತಾಗುತ್ತಿತ್ತು.

ನನಗೆ ಆಟ ಗೊತ್ತಿಲ್ಲ. ಆಫ್‌ಸೈಡ್ ಎಂದರೇನೆಂದು ನೀನು ಮೂರು ಸಲ ಹೇಳಿಕೊಟ್ಟಿದ್ದೀಯ, ಮೂರು ಸಲವೂ ಮರೆತಿದ್ದೇನೆ. ಆದರೆ ಒಂದೇ ಪುಟವನ್ನು ಮತ್ತೆ ಮತ್ತೆ ಓದುವುದು ನನಗೆ ಬರುತ್ತದೆ. ಹಾಗೆ ನೋಡಿದಾಗ ಕಂಡದ್ದನ್ನು ಬರೆಯುತ್ತೇನೆ. ಸಿಟ್ಟು ಬರಬಹುದು.

ನೀನು ಕೈ ಎತ್ತುತ್ತೀಯ.

ಚೆಂಡು ಒದ್ದು ಅದು ಗೋಲಿಗೆ ತಗುಲಿದ ಕೂಡಲೇ ನೀನು ಅದರ ಕಡೆ ನೋಡುವುದಿಲ್ಲ. ಪಾಸ್ ಕೊಟ್ಟವನ ಕಡೆ ತಿರುಗಿ ಬಲಗೈ ಎತ್ತಿ ತಲೆ ಬಾಗಿಸುತ್ತೀಯ. ಕ್ಷಮಿಸಿ, ನಿಮ್ಮ ಒಳ್ಳೆಯ ಪಾಸನ್ನು ಹಾಳು ಮಾಡಿದೆ ಅಂತ. ಮಿಕ್ಕವರೂ ಹಾಗೆ ಮಾಡುತ್ತಾರೆ, ಒಪ್ಪಿದೆ. ಆದರೆ ಅವರು ಚೆಂಡು ಗೆರೆ ದಾಟಿದ ಮೇಲೆ ಮಾಡುತ್ತಾರೆ. ನೀನು ಚೆಂಡು ಇನ್ನೂ ಆಟದಲ್ಲಿರುವಾಗಲೇ ಮಾಡುತ್ತೀಯ. ಎಷ್ಟೋ ಸಲ ಗೋಲಿಯ ಕೈಯಿಂದ ಚೆಂಡು ಜಾರಿ ನಿನ್ನ ಬೆನ್ನ ಹಿಂದೆಯೇ ಬಿದ್ದಿದೆ. ಆಗ ನೀನು ಓಮೊರಿ-ಸಾನ್‌ಗೆ ಬಾಗುತ್ತಿದ್ದೆ. ಎದುರು ತಂಡದವನು ಆರಾಮವಾಗಿ ಬಂದು ಚೆಂಡನ್ನು ದೂರ ಒದ್ದ.

ಕೆಲವು ಸಲ ಒದೆಯುವ ಮುಂಚೆಯೇ ನಿನ್ನ ಭುಜ ಕ್ಷಮೆ ಕೇಳಲು ಶುರು ಮಾಡಿರುತ್ತದೆ. ಏಪ್ರಿಲ್ ೧೬ರ ಪಂದ್ಯದಲ್ಲಿ, ಅಮ್ಮ ಹಾಕಬಹುದಿತ್ತು ಎಂದೆಯಲ್ಲ, ಅಲ್ಲಿ ನಾನು ಅದನ್ನು ಸ್ಪಷ್ಟವಾಗಿ ಕಂಡೆ.

ಇದು ಎಲ್ಲಿಂದ ಬಂತೆಂದು ಯೋಚಿಸಿದೆ. ೨೦೧೧ರ ಮಾರ್ಚ್‌ನಲ್ಲಿ, ಭೂಕಂಪವಾದಾಗ, ನಾವು ವಿಮಾನ ಹತ್ತಿ ಇಲ್ಲಿಗೆ ಓಡಿ ಬಂದೆವು. ನಿನ್ನ ಶಾಲೆಯ ತಂಡದ ಹುಡುಗರೆಲ್ಲ ಅಲ್ಲೇ ಉಳಿದರು. ಮೇ ತಿಂಗಳಲ್ಲಿ ನೀನು ಅಪ್ಪನ ಜೊತೆ ವಾಪಸು ಹೋಗಿ ಅವರೆದುರು ನಿಂತಾಗ ಯಾರೂ ಏನೂ ಅನ್ನಲಿಲ್ಲ ಎಂದು ಆಗ ಬರೆದಿದ್ದೆ. ಅನ್ನದೇ ಇದ್ದದ್ದಕ್ಕೇ ನೀನು ಇಂದಿಗೂ ಉತ್ತರ ಕೊಡುತ್ತಿದ್ದೀಯ ಎಂದು ನನಗೆ ಅನ್ನಿಸುತ್ತದೆ. ಎದುರಿಗಿರುವವರು ನಿನ್ನನ್ನು ಬಿಟ್ಟುಹೋದವನು ಎಂದುಕೊಳ್ಳುವ ಮೊದಲೇ ನೀನು ಕೈ ಎತ್ತಿಬಿಡುತ್ತೀಯ.

ಇದು ಚಪ್ಪಾಳೆಯಲ್ಲ.

ನಿಧಿ


ಕಾಮೆಹಾಮಾ
೨೨ ಜುಲೈ ೨೦೧೭

ಅಕ್ಕ,

ಕಥೆ ಕಟ್ಟಬೇಡ. ನಾನು ನಿನ್ನ ಸೆಮಿನಾರ್ ಪೇಪರ್ ಅಲ್ಲ.

ಕೈ ಎತ್ತುವುದನ್ನು ನನಗೆ ಎಂಟನೇ ವಯಸ್ಸಿನಲ್ಲಿ ಟೊಯೊಸುವಿನ ಮಕ್ಕಳ ಕ್ಲಬ್ಬಿನಲ್ಲಿ ಕಲಿಸಿದ್ದು. ಪಾಸ್ ಕೊಟ್ಟವನಿಗೆ ಮರ್ಯಾದೆ ಕೊಡು ಅಂತ. ಅದಕ್ಕೂ ಭೂಕಂಪಕ್ಕೂ ವಿಮಾನಕ್ಕೂ ಸಂಬಂಧವಿಲ್ಲ. ಇಲ್ಲಿ ಕಡಲಿಗೆ ಮನೆ ಕಳೆದುಕೊಂಡವರ ಜೊತೆ ನಾನು ದಿನಾ ಕೆಲಸ ಮಾಡುತ್ತೇನೆ. ಅವರ ನಡುವೆ ನಿಂತು ನನ್ನ ಹದಿನಾಲ್ಕನೇ ವಯಸ್ಸಿನ ವಿಮಾನ ಪ್ರಯಾಣವನ್ನು ದೊಡ್ಡ ದುಃಖ ಮಾಡಿಕೊಳ್ಳಲೇ? ನಾಚಿಕೆಯಾಗುತ್ತದೆ.

ಆಫ್‌ಸೈಡ್ ಗೊತ್ತಿಲ್ಲದವಳು ಸ್ಟ್ರೈಕರಿಗೆ ಪಾಠ ಹೇಳುವುದು ಬೇರೆ.

ಬೆಂಚಿನಲ್ಲೇ ಇದ್ದೇನೆ. ಉಂಡೆಯನ್ನು ಯಾರೂ ಮರೆತಿಲ್ಲ. ಮತ್ತೆ ಯಾವಾಗ ತರಿಸುತ್ತೀಯ ಎಂದು ಗೋಲಿ ಕೇಳುತ್ತಿರುತ್ತಾನೆ.

ಭುವನ್


ಮೈಸೂರು
೪ ಆಗಸ್ಟ್ ೨೦೧೭

ಭುವಿ,

ಸರಿ. ಕಥೆ ತೆಗೆದುಹಾಕಿದೆ. ಕೈ ಮಾತ್ರ ಉಳಿಯಿತು.

ಮಾರ್ಚ್ ೧೯ರ ಪಂದ್ಯದ ಮೊದಲ ಅರ್ಧ, ಕಾರ್ನರ್ ಆದ ಮೇಲೆ. ಏಪ್ರಿಲ್ ೩೦, ನಿನ್ನನ್ನು ಹೊರಗೆ ಕರೆಯುವ ಸ್ವಲ್ಪ ಮುಂಚೆ. ವಿಡಿಯೋ ನಿನ್ನ ಹತ್ತಿರವೂ ಇದೆ. ನಿನ್ನನ್ನು ನೋಡಬೇಡ, ಚೆಂಡು ಎಲ್ಲಿ ಬೀಳುತ್ತದೆ ನೋಡು.

ನಿಧಿ


ಕಾಮೆಹಾಮಾ
೨೫ ಸೆಪ್ಟೆಂಬರ್ ೨೦೧೭

ಅಕ್ಕ,

ನೋಡಿದೆ. ಆಗಸ್ಟಿನಲ್ಲೇ ನೋಡಿದೆ. ಬರೆಯಲು ಮನಸ್ಸಾಗಲಿಲ್ಲ.

ಚೆಂಡು ನನ್ನ ಹಿಮ್ಮಡಿಯಿಂದ ಒಂದು ಮಾರು ದೂರ ಬಿದ್ದಿದೆ. ನಾನು ಬಾಗಿ ನಿಂತಿದ್ದೇನೆ. ಮಾರ್ಚ್‌ನಲ್ಲೂ ಅಷ್ಟೇ, ಏಪ್ರಿಲ್‌ನಲ್ಲೂ ಅಷ್ಟೇ. ಕೋಚ್ ಇದನ್ನು ನೋಡಿರಲಿಲ್ಲವೇ? ಕೇಳಿದೆ. 'ನೋಡಿದ್ದೆ. ನೀನು ಸಭ್ಯ ಹುಡುಗ, ಹೇಗೆ ಹೇಳೋದು ಅಂತ ಸುಮ್ಮನಿದ್ದೆ' ಎಂದರು. ಸಭ್ಯತೆಗೆ ಬೆಂಕಿ ಬೀಳಲಿ.

ಈಗ ಮತ್ತೆ ಆಡಿಸುತ್ತಿದ್ದಾರೆ, ಕೊನೆಯ ಇಪ್ಪತ್ತು ನಿಮಿಷ. ಕೈ ಎತ್ತುವುದನ್ನು ನಿಲ್ಲಿಸಿದೆ. ಮೊದಲ ವಾರ ಬಲಗೈಯ ಬೆರಳುಗಳಿಗೆ ಅಂಗಿಯ ತುದಿ ಸಿಕ್ಕಿಸಿಕೊಂಡು ಓಡಿದೆ. ಇದರಿಂದ ಆದದ್ದೇನು ಗೊತ್ತಾ? ಪಾಸ್ ಬರುವುದೇ ನಿಂತುಹೋಯಿತು. ಅಭ್ಯಾಸದಲ್ಲೂ ಇಲ್ಲ, ಪಂದ್ಯದಲ್ಲೂ ಇಲ್ಲ. ಎಡಗಡೆ ಆಡುವ ಹುಡುಗ, 'ಭುವನ್-ಸಾನ್, ನಮ್ಮ ಮೇಲೆ ಏನಾದ್ರೂ ಕೋಪಾನಾ?' ಎಂದು ಕೇಳಿದ. ಪಾಸ್ ಹಾಳು ಮಾಡಿ ಸುಮ್ಮನೆ ಓಡುವವನಿಗೆ ಯಾರು ಮತ್ತೆ ಪಾಸ್ ಕೊಡುತ್ತಾರೆ? ಕ್ಷಮೆ ಕೇಳಿದರೆ ಚೆಂಡು ತಪ್ಪುತ್ತದೆ, ಕೇಳದಿದ್ದರೆ ಚೆಂಡೇ ಬರುವುದಿಲ್ಲ. ಇದಕ್ಕೆ ನಿನ್ನ ಪುಸ್ತಕಗಳಲ್ಲಿ ಏನಾದರೂ ಇದೆಯಾ?

ಕರಾರಿನ ತೀರ್ಮಾನಕ್ಕೆ ಇನ್ನು ಒಂಬತ್ತು ವಾರವಷ್ಟೇ ಇದೆ.

ಭುವನ್


ಕಾಮೆಹಾಮಾ
೧೬ ಅಕ್ಟೋಬರ್ ೨೦೧೭

ಅಕ್ಕ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ನೀನು ವಿಡಿಯೋ ನೋಡುವ ಮೊದಲು ನನ್ನಿಂದಲೇ ಗೊತ್ತಾಗಲಿ ಎಂದುಕೊಂಡೆ. ಕಾಗದ ತಲುಪುವಷ್ಟರಲ್ಲಿ ನೀನು ನೋಡಿರುತ್ತೀಯ. ಇರಲಿ.

ಹಾಕಿದೆ.

ನೋಡಲು ಚೆನ್ನಾಗಿರಲಿಲ್ಲ. ನಾನು ಒಳಗೆ ಹೋದಾಗ ಸೊನ್ನೆ-ಸೊನ್ನೆ. ಬೇರೆ ಯಾರೂ ಸಿಗದೆ ಓಮೊರಿ-ಸಾನ್ ಚೆಂಡನ್ನು ನನಗೇ ಕೊಟ್ಟರು. ಅದನ್ನು ನೇರವಾಗಿ ಒದೆಯಬೇಕಿತ್ತು, ಕಾಲಿಗೆ ಸರಿಯಾಗಿ ಸಿಗಲಿಲ್ಲ. ಗೋಲಿಯ ಎದೆಗೆ ಬಡಿಯಿತು. ಕೈ ಅರ್ಧ ಮೇಲೆ ಬಂದಿತ್ತು ಅಕ್ಕ. ಅದನ್ನು ಹಾಗೇ ಬಿಟ್ಟು, ಒಂದು ಕೈ ಗಾಳಿಯಲ್ಲಿಟ್ಟುಕೊಂಡೇ ಮುಂದೆ ಬಿದ್ದೆ. ಚೆಂಡು ಮೊಣಕಾಲ ಕೆಳಗಿನ ಮೂಳೆಗೆ ತಾಗಿ ಉರುಳುತ್ತ, ಗೆರೆಯ ಮೇಲೆ ಒಂದು ಕ್ಷಣ ಯೋಚಿಸಿ, ಒಳಗೆ ಹೋಯಿತು.

ನಾನು ಬಿದ್ದೇ ಇದ್ದೆ. ಓಮೊರಿ-ಸಾನ್ ಓಡಿ ಬಂದರು. ತಬ್ಬಿಕೊಳ್ಳುತ್ತಾರೆ ಎಂದುಕೊಂಡೆ. ಕಾಲರ್ ಹಿಡಿದು ಎಬ್ಬಿಸಿದರು.

'ಪೆದ್ದಾ! ಅಂಥ ಪಾಸ್ ಕೊಟ್ರೆ ಎದೆಗೆ ಹೊಡೀತೀಯಾ? ಬಲೆ ಕಾಣಲ್ವಾ ನಿಂಗೆ?'

'ಆದ್ರೆ ಗೋಲ್ ಆಯ್ತಲ್ಲ.'

'ಆಯ್ತು, ನನ್ ಪಾಸ್‌ನಿಂದ ಆಗ್ಲಿಲ್ಲ! ಅದು ಗೋಲಿ ಕೊಟ್ಟ ಪಾಸ್!'

ಅಷ್ಟು ಹೇಳಿ ತಬ್ಬಿಕೊಂಡರು.

ಪಂದ್ಯ ಮುಗಿದ ಮೇಲೆ ಅವರು ಹೇಳಿದ್ದನ್ನು ಕೇಳು. ಓಮೊರಿ-ಸಾನ್ ತಾಯಿ ಆ ಮುದುಕರ ಬಸ್ಸಿನಲ್ಲೇ ಬರುತ್ತಾರಂತೆ. ವಾಪಸು ಹೋಗುವಾಗ ದಾರಿಯುದ್ದಕ್ಕೂ ನನ್ನದೇ ಮಾತಂತೆ. ಹೊಗಳಿಕೆಯಲ್ಲ. 'ಆ ಒಂಬತ್ತನೇ ನಂಬರ್ ಹುಡುಗ ಯಾಕೆ ಯಾವಾಗ್ಲೂ ತಲೆ ತಗ್ಗಿಸ್ತಾನೆ? ಸಾವಿನ ಮನೆಗೆ ಮಾತಾಡಿಸೋಕೆ ಬಂದವನ ಥರ. ನಾವು ಭಾನುವಾರ ಮನೆ ಬಿಟ್ಟು ಬರೋದು ಅದನ್ನ ಮರೆಯೋಕೆ. ಇವನು ನೆನಪು ಮಾಡ್ತಾನೆ.' ಹೀಗೆ ಅನ್ನುತ್ತಾರಂತೆ.

'ಮತ್ತೆ ಚಪ್ಪಾಳೆ ಯಾಕೆ ತಟ್ತಾರೆ?' ಎಂದೆ.

'ಆ ಗುಡ್ಡದ ಮೇಲಿರೋ ಮೈದಾನದಲ್ಲಿ ಎಂಥ ಚಳಿ ಗೊತ್ತಾ? ಕೈ ಬಿಸಿ ಮಾಡ್ಕೋಬೇಡ್ವಾ?'

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂರು ವರ್ಷದಿಂದ ಆ ಜನರನ್ನು ನಾನು ದುಃಖದವರು ಎಂದೇ ನೋಡುತ್ತಿದ್ದೆ. ಅವರು ಮಾತ್ರ ನನ್ನಲ್ಲಿ ಒಬ್ಬ ಕೆಟ್ಟ ಸ್ಟ್ರೈಕರನ್ನು ನೋಡುತ್ತಿದ್ದರು. ಅವರು ನೋಡಿದ್ದೇ ಸರಿ.

ಭುವನ್


ಮೈಸೂರು
೩೧ ಅಕ್ಟೋಬರ್ ೨೦೧೭

ಭುವಿ,

ನೋಡಿದೆ. ಬೇಕೆಂದೇ ಎಣಿಸಲಿಲ್ಲ ಎಷ್ಟು ಸಲ ಎಂದು. ಮೊದಲ ಸಲ ಕಿರುಚಿದ್ದಕ್ಕೆ ಕೆಳಗಿನ ಮನೆಯ ಸತ್ಯಭಾಮಾ ಆಂಟಿ 'ಏನಮ್ಮಾ, ಹಲ್ಲಿ ಬಿತ್ತಾ?' ಎಂದು ಓಡಿ ಬಂದರು. ನನಗೆ ಅಷ್ಟು ದನಿಯಿದೆ ಎಂದು ನನಗೇ ಗೊತ್ತಿರಲಿಲ್ಲ.

ಭಾನುವಾರ ನೀನು ಇನ್ನೊಂದು ಗೋಲು ಹಾಕಿದೆ ಎಂದು ಕ್ಲಬ್ಬಿನ ಪುಟದಲ್ಲಿ ಕಂಡಿತು. ವಿಡಿಯೋ ಇನ್ನೂ ಬಂದಿಲ್ಲ, ಆದ್ದರಿಂದ ಅದರ ಬಗ್ಗೆ ಏನೂ ಬರೆಯುವುದಿಲ್ಲ.

ಇನ್ನು ಭಯವಿಲ್ಲ. ಇಷ್ಟಾದ ಮೇಲೆ ಅವರು ನಿನ್ನನ್ನು ಬಿಡುವುದಿಲ್ಲ.

ನಿಧಿ


ಕಾಮೆಹಾಮಾ
೨೮ ನವೆಂಬರ್ ೨೦೧೭

ಅಕ್ಕ,

ನೀನು ಹೇಳಿದ್ದು ಸರಿ, ಬಿಡಲಿಲ್ಲ. ಆದರೆ ಹೇಗೆ ಬಿಡಲಿಲ್ಲ ಎನ್ನುವುದನ್ನು ಕೇಳು.

ನಿನ್ನೆ ಕಚೇರಿಗೆ ಕರೆದರು. ಮ್ಯಾನೇಜರ್ ಇದ್ದರು, ಕುಮಾಗಾಯ್-ಸಾನ್ ಇದ್ದರು. ಮುಂದಿನ ವರ್ಷಕ್ಕೆ ಕರಾರು ಸಿದ್ಧವಾಗಿದೆ, ರೈಟ್ ಬ್ಯಾಕ್ ಆಗಿ ಎಂದರು. ಬಲಗಡೆಯ ಡಿಫೆಂಡರ್.

'ಸೆಪ್ಟೆಂಬರಿನಿಂದ ನಿನ್ನಲ್ಲಿ ಒಂದು ಬದಲಾವಣೆ ಬಂದಿದೆ,' ಎಂದರು ಕೋಚ್. 'ಚೆಂಡು ತಪ್ಪಿದ್ರೆ ನಿಲ್ಲಲ್ಲ. ಬೆನ್ನಟ್ಟಿ ಹೋಗ್ತೀಯ. ಇಂಥವನು ನನಗೆ ಹಿಂದೆ ಬೇಕು. ಮುಂದಕ್ಕೆ ಬ್ರೆಜಿಲ್‌ನಿಂದ ಒಬ್ಬನನ್ನ ತರಿಸ್ತಿದ್ದೀವಿ.'

ಹದಿಮೂರು ತಿಂಗಳು ಬರಗಾಲ. ಅದು ಮುಗಿದು ನಾನು ಸ್ಟ್ರೈಕರ್ ಆದದ್ದು ನಿನ್ನೆ ಮೊನ್ನೆ. ಯಾವುದು ನನ್ನನ್ನು ಸ್ಟ್ರೈಕರ್ ಮಾಡಿತೋ ಅದನ್ನೇ ನೋಡಿ ಡಿಫೆಂಡರ್ ಆಗು ಎನ್ನುತ್ತಿದ್ದಾರೆ. ಮೇಜು ಗುದ್ದಬೇಕು ಅನ್ನಿಸಿತು. ಯೋಚಿಸಲು ಒಂದು ವಾರ ಕೊಡಿ ಎಂದೆ.

ಬೇಡವೆಂದರೆ ಉಳಿಯುವುದು ಡಿಸೆಂಬರಿನ ಟ್ರೈಔಟ್. ಕ್ಲಬ್ಬುಗಳು ಕೈಬಿಟ್ಟವರನ್ನೆಲ್ಲ ಒಂದೇ ಮೈದಾನದಲ್ಲಿ ಸೇರಿಸಿ ಆಡಿಸುತ್ತಾರೆ. ಬೇಕಾದವರು ಬಂದು ನೋಡುತ್ತಾರೆ.

ಭುವನ್


ಮೈಸೂರು
೩ ಡಿಸೆಂಬರ್ ೨೦೧೭

ಭುವಿ,

ನಿನ್ನ ಕಾಗದ ಬರುವ ಮೊದಲೇ ಅಪ್ಪನಿಂದ ಸುದ್ದಿ ಬಂತು, ಅದಕ್ಕೆ ಇದನ್ನು ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ. ಒಪ್ಪಿಕೋ. ಹಿಂದೆ ನಿಂತರೂ ಆಟವೇ ತಾನೇ? ಇಲ್ಲಿ ನನಗೆ ಕಾವ್ಯ ಪಾಠ ಮಾಡಲು ಆಸೆ, ಕೊಟ್ಟಿರುವುದು ವ್ಯಾಕರಣ. ಮಾಡುತ್ತಿದ್ದೇನೆ. ಟ್ರೈಔಟ್‌ನಲ್ಲಿ ಯಾರೂ ಕರೆಯದಿದ್ದರೆ? ಅಮ್ಮನೂ ಇದನ್ನೇ ಹೇಳುತ್ತಾರೆ. ಅಪ್ಪ ಮಾತ್ರ, 'ನಾನೇನೂ ಹೇಳಲ್ಲಪ್ಪ, ಹೋದ್ಸಲ ಹೇಳಿದ್ದೇ ಸಾಕು' ಎಂದರು.

ನಿಧಿ


ಕಾಮೆಹಾಮಾ
೨೩ ಡಿಸೆಂಬರ್ ೨೦೧೭

ಅಕ್ಕ,

ನಿನ್ನ ಕಾಗದ ಬರುವ ಹೊತ್ತಿಗೆ ನಾನು ಬೇಡವೆಂದು ಹೇಳಿ ಬಂದಾಗಿತ್ತು. ಅದು ಮೊದಲೇ ಬಂದಿದ್ದರೂ ಹಾಗೇ ಹೇಳುತ್ತಿದ್ದೆ. ನೀನು ವ್ಯಾಕರಣ ಮಾಡುತ್ತ ಕಾವ್ಯಕ್ಕೆ ಕಾಯಬಹುದು. ನನ್ನ ಕಾಲುಗಳಿಗೆ ಅಷ್ಟು ವರ್ಷಗಳಿಲ್ಲ.

ಬಿಟ್ಟುಹೋಗುವ ಆಟಗಾರ ಕ್ಲಬ್ಬಿನ ಪುಟಕ್ಕೆ ನಾಲ್ಕು ಸಾಲು ಬರೆದುಕೊಡುವ ಪದ್ಧತಿಯಿದೆ. ನಾನು ಬರೆದೆ: 'ಮೂರು ವರ್ಷ ಇಲ್ಲಿ ಆಡಿದೆ. ಬಸ್ಸಿನಲ್ಲಿ ಬಂದವರಿಗೂ ಬಯ್ದವರಿಗೂ ಧನ್ಯವಾದ. ಗೋಲು ಹಾಕಲು ಬೇರೆ ಕಡೆ ಹೋಗುತ್ತಿದ್ದೇನೆ.' ಕಚೇರಿಯ ಹೆಂಗಸು ಎರಡು ಸಲ ಓದಿ, 'ಒಂದು ಸಾಲು ಬಿಟ್ಟುಹೋಗಿದೆ ಅನ್ಸುತ್ತೆ' ಎಂದರು. ಇಲ್ಲ ಎಂದೆ. ಮರುದಿನ ಪುಟ ತೆರೆದು ನೋಡಿದರೆ ಕೊನೆಯಲ್ಲಿ 'ತಂಡಕ್ಕೆ ಉಪಯೋಗಕ್ಕೆ ಬಾರದೆ ಹೋದದ್ದಕ್ಕೆ ಕ್ಷಮೆ ಕೋರುತ್ತೇನೆ' ಎಂದಿತ್ತು. ಎಲ್ಲರೂ ಬರೆಯುವ ಸಾಲು ಅದು. ಅವರೇ ಸೇರಿಸಿದ್ದರು. ಜಗಳವಾಡಲಿಲ್ಲ. ಅದು ನನ್ನದಲ್ಲ ಎಂದು ನಿನಗೊಬ್ಬಳಿಗೆ ಗೊತ್ತಿದ್ದರೆ ಸಾಕು.

ಟ್ರೈಔಟ್‌ನಲ್ಲಿ ಹೆಸರು ಬರೆದುಕೊಳ್ಳುವವನು 'ಡಿಫೆನ್ಸ್ ಆಡ್ತೀರಾ? ಅವರನ್ನೇ ಹುಡುಕ್ತಿದ್ದಾರೆ' ಎಂದ. ಇಲ್ಲ ಎಂದೆ. ಮೈದಾನದಲ್ಲಿ ಎಲ್ಲರೂ ಅಪರಿಚಿತರು, ಎಲ್ಲರೂ ಕೆಲಸ ಕಳೆದುಕೊಂಡವರು, ಯಾರೂ ಯಾರಿಗೂ ಪಾಸ್ ಕೊಡುವುದಿಲ್ಲ. ನಾಲ್ಕು ಸಲ ಒದ್ದೆ. ಒಂದು ಕಂಬಕ್ಕೆ ಬಡಿಯಿತು. ಗೋಲಾಗಲಿಲ್ಲ.

ಆಮೇಲೆ ಫೋನ್ ಪಕ್ಕದಲ್ಲಿಟ್ಟುಕೊಂಡು ಕೂತೆ. ಯಾರೂ ಮಾಡಲಿಲ್ಲ. ಅಪ್ಪ ಮಾಡಿ 'ಊಟ ಆಯ್ತಾ' ಎಂದರು. ಬೇರೇನೂ ಕೇಳದಂತೆ ಬಹಳ ಕಷ್ಟಪಟ್ಟರು.

ಇವತ್ತು ಬೆಳಿಗ್ಗೆ ಒಂದು ಕರೆ ಬಂತು. ಜಪಾನ್ ಸಮುದ್ರದ ಕಡೆಯ ಒಂದು ಊರು. ಎರಡು ಮೆಟ್ಟಿಲು ಕೆಳಗಿನ ಪ್ರಾಂತೀಯ ಲೀಗ್. ಬೆಳಿಗ್ಗೆ ಗ್ಯಾಸ್ ಸಿಲಿಂಡರ್ ಹಂಚುವ ಕೆಲಸ, ಸಂಜೆ ಆಟ. ಮಾತಾಡಿದವರು ಅಲ್ಲಿಯ ಕೋಚ್, ಮುದುಕರ ದನಿ, ಒರಟು.

'ಟ್ರೈಔಟ್‌ನಲ್ಲಿ ನೋಡ್ದೆ. ಈ ವರ್ಷ ಎಷ್ಟು ಗೋಲು?'

'ಎರಡು.'

ಆ ಕಡೆ ಪೆನ್ನಿನಲ್ಲಿ ಬರೆದುಕೊಂಡ ಸದ್ದು. ಮತ್ತೆ, 'ಎರಡು ಡಜನ್ ಅಲ್ಲ ತಾನೇ?'

'ಅಲ್ಲ. ಎರಡು.'

'ನಂಗೆ ಗೋಲು ಹಾಕೋನು ಬೇಕಪ್ಪ.'

ಇಂಥ ಕಡೆ ಹೇಳಬೇಕಾದ ಮಾತುಗಳೆಲ್ಲ ನನ್ನ ಬಾಯಿಗೆ ಬಂದವು. ಒಂದನ್ನೂ ಹೇಳಲಿಲ್ಲ.

'ನಾನು ಫಾರ್ವರ್ಡ್,' ಎಂದೆ. 'ಬೇರೆ ಯಾವ ಜಾಗದಲ್ಲೂ ಆಡಲ್ಲ.'

'ಎರಡೇ ಗೋಲಿಗೆ ಇಷ್ಟು ಜಂಬಾನಾ!' ಎಂದರು. ಬೈದರೋ ನಕ್ಕರೋ ಗೊತ್ತಾಗಲಿಲ್ಲ. ಜನವರಿ ಎಂಟಕ್ಕೆ ಬೂಟು ತೆಗೆದುಕೊಂಡು ಬಾ, ನೋಡೋಣ ಎಂದು ಇಟ್ಟರು. ನೋಡೋಣ ಎಂದಿದ್ದಾರೆ ಅಷ್ಟೇ, ತೆಗೆದುಕೊಂಡಿದ್ದೇವೆ ಎಂದಿಲ್ಲ.

ಏಳರ ರಾತ್ರಿಯ ಬಸ್ಸಿಗೆ ಸೀಟು ಕಾದಿರಿಸಿದ್ದೇನೆ. ಹೋಗುವ ಟಿಕೆಟ್ ಮಾತ್ರ.

ಭುವನ್